ಸೂಪರ್‌ಹೀರೊ ಸಿನಿಮಾದ ಲೆಗೊ ನೌಕೆ: ಕೊಳ್ಳುವ ಮುಂಚೆ, ಕಟ್ಟುವಾಗ, ಕಟ್ಟಿದ ಮೇಲೆ ಅಳೆದು ನೋಡುವುದು ಹೇಗೆ

ಲೆಗೊ ಅಂದರೆ ಒಂದಕ್ಕೊಂದು ಸಿಕ್ಕಿಸಿ ಕಟ್ಟುವ ಪ್ಲಾಸ್ಟಿಕ್ ತುಂಡುಗಳ ಆಟಿಕೆ, ಒಂದು ಡಬ್ಬಿಯಲ್ಲಿ ಬರುವುದಕ್ಕೆ ಸೆಟ್ ಅನ್ನುತ್ತಾರೆ. ನೌಕೆ ಪೂರ್ತಿ ಕಟ್ಟಿ, ಫೋಟೊ ತೆಗೆದು, ಆಮೇಲೆ ಸೆಟ್ ಹೇಗಿದೆ ಅಂತ ಯೋಚಿಸಲು ಕೂತರೆ ಅರ್ಧ ವಿಷಯ ಆಗಲೇ ಕೈ ತಪ್ಪಿರುತ್ತದೆ. ಒಳಗಿನ ಚೌಕಟ್ಟು ಮುಚ್ಚಿಹೋಗಿರುತ್ತದೆ. ಸ್ಟಿಕ್ಕರ್ ಯಾವುದು, ಚಿತ್ರವನ್ನು ಮೇಲೆಯೇ ಅಚ್ಚು ಹಾಕಿದ ತುಂಡು ಯಾವುದು ಅನ್ನೋದು ಮರೆತಿರುತ್ತದೆ. ಕೊನೆಗೆ ನೆನಪಿನಲ್ಲಿ ಉಳಿಯೋದು ಜೊತೆಗೆ ಬರುವ ಪಾತ್ರಗಳ ಪುಟ್ಟ ಗೊಂಬೆಗಳು ಮತ್ತು ಬೆಲೆ, ಅಷ್ಟೇ. ಹಾಗಾಗಿಯೇ ಸುಮಾರು ಜನ "ಸೂಪರ್" ಅಂತ ಬರೆದ ಸೆಟ್ಟಿನ ರೆಕ್ಕೆ ಮೂರು ತಿಂಗಳಿಗೆ ಜೋತು ಬಿದ್ದಿರುತ್ತದೆ.

ಇಲ್ಲಿ ಮುಖ್ಯವಾದದ್ದು ಕ್ರಮ. ಕೆಲವು ಸಂಗತಿಗಳನ್ನು ಒಂದೇ ಒಂದು ಹೊತ್ತಿನಲ್ಲಿ ನೋಡಲು ಸಾಧ್ಯ. ಅದು ದಾಟಿದರೆ ನೌಕೆ ಬಿಚ್ಚಬೇಕು. ಆ ಹೊತ್ತುಗಳು ಯಾವುವು, ಆಗ ಏನು ನೋಡಬೇಕು ಅನ್ನೋದನ್ನೇ ಕೆಳಗೆ ಬರೆದಿದ್ದೇನೆ.

ಉದಾಹರಣೆಗೆ ಮಾರ್ವೆಲ್ ಸಿನಿಮಾಗಳ 'ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ' ತಂಡದ ನೌಕೆಗಳನ್ನೇ ಇಟ್ಟುಕೊಳ್ಳುತ್ತೇನೆ. ಒಂದೇ ತಂಡ, ಬೇರೆ ಬೇರೆ ವರ್ಷ, ಚಿಕ್ಕದು ದೊಡ್ಡದು ಎಲ್ಲ ಇವೆ. 2014ರ ಮಿಲಾನೊ (ಸೆಟ್ 76021, 665 ತುಂಡು), 2017ರ ಚಿಕ್ಕ ಮಿಲಾನೊ (76081, 460 ತುಂಡು), 2021ರ ಗಾರ್ಡಿಯನ್ಸ್ ಶಿಪ್ (76193, 1901 ತುಂಡು), 2023ರ ಹೊಸ ಗಾರ್ಡಿಯನ್ಸ್ ಶಿಪ್ (76255, 1108 ತುಂಡು), 2024ರ ದೊಡ್ಡ ಮಿಲಾನೊ (76286, 2090 ತುಂಡು). ನಿಮ್ಮ ಕಣ್ಣು ಬೇರೆ ಸೆಟ್ ಮೇಲಿದ್ದರೂ ಹಂತಗಳು ಇವೇ.

## ಬೇಕಾಗುವ ಸಾಮಾನು

ಅಡುಗೆಮನೆಯ ಡಿಜಿಟಲ್ ತಕ್ಕಡಿ, ಅಳತೆ ಪಟ್ಟಿ, ಬಿಳಿ ಬೆಡ್‌ಶೀಟ್, ನಾಲ್ಕೈದು ಅಗಲ ತಟ್ಟೆ, ಚಿಮಟ, ಫೋನಿನ ಟಾರ್ಚ್, ಒಂದು ನೋಟ್‌ಬುಕ್. ತುಂಡು ಬಿಡಿಸುವ ಸೆಪರೇಟರ್ ದೊಡ್ಡ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಡಬ್ಬಿಯಲ್ಲೇ ಬರುತ್ತದೆ. ಹಲ್ಲಿನಿಂದ ಕಚ್ಚಿ ಬಿಡಿಸಬೇಡಿ. ಕಚ್ಚಿದ ಗುರುತು ಹೋಗುವುದಿಲ್ಲ.

ಬೆಡ್‌ಶೀಟ್ ಸುಮ್ನೆ ಅಲಂಕಾರಕ್ಕಲ್ಲ. ಮುಂದೆ ನೌಕೆ ಅಲುಗಾಡಿಸುವ ಪರೀಕ್ಷೆ ಇದೆ. ಉದುರಿದ್ದು ಸೋಫಾ ಕೆಳಗೆ ಹೋಗಬಾರದು, ಅಲ್ವಾ?

## ಹಂತ 1: ಯಾವ ನೌಕೆ, ಯಾರಿಗೆ

ಮೊದಲು ನೌಕೆಯ ಗುರುತು ಸರಿಮಾಡಿಕೊಳ್ಳಿ. ಇದು ಬಾಲಿಶ ಅನ್ನಿಸಬಹುದು, ಆದರೆ ಜಾಸ್ತಿ ಜನ ಎಡವುವುದು ಇಲ್ಲೇ. ಮೊದಲ ಎರಡು ಸಿನಿಮಾದ ನೌಕೆ ಮಿಲಾನೊ. 'ಅವೆಂಜರ್ಸ್' ಸರಣಿಯ 'ಇನ್ಫಿನಿಟಿ ವಾರ್' ಮತ್ತು 'ಎಂಡ್‌ಗೇಮ್'ನಲ್ಲಿ ಬರುವುದು ಬೆನಟಾರ್. ಮೂರನೇ ಭಾಗದ್ದು ಬೋವಿ. ಮಿಲಾನೊ, ಬೆನಟಾರ್ ಎರಡೂ ನೀಲಿ–ಕಿತ್ತಳೆ ಬಣ್ಣದವು, ರೆಕ್ಕೆ ಚಾಚಿದ ಹಕ್ಕಿಯಂಥವು, ಮೇಲ್ನೋಟಕ್ಕೆ ಅಣ್ಣತಮ್ಮಂದಿರು. 76193ರ ಡಬ್ಬಿ ಮೇಲೆ "ಗಾರ್ಡಿಯನ್ಸ್ ಶಿಪ್" ಅಂತಷ್ಟೇ ಇದೆ, ಒಳಗಿರೋದು ಬೆನಟಾರ್. ಅದನ್ನು ಮಿಲಾನೊ ಚಿತ್ರದ ಪಕ್ಕ ಇಟ್ಟು "ಆಕಾರ ಸರಿ ಇಲ್ಲ" ಅಂದರೆ ತಪ್ಪು ಸೆಟ್ಟಿನದ್ದಲ್ಲ.

ಆಮೇಲಿನ ಪ್ರಶ್ನೆ: ಇದು ಆಡೋಕೋ, ಶೆಲ್ಫಿನ ಮೇಲೆ ಇಡೋಕೋ? ಎರಡಕ್ಕೂ ಅಂತ ಹೇಳಬೇಡಿ. ಎರಡರಲ್ಲಿ ಒಂದನ್ನು ನೋಟ್‌ಬುಕ್ಕಿನ ಮೊದಲ ಸಾಲಲ್ಲಿ ಬರೆಯಿರಿ. ಮಗು ಕೈಯಲ್ಲಿ ಹಿಡಿದು ಮನೆ ತುಂಬ ಹಾರಿಸುವ ನೌಕೆಗೆ ಗಟ್ಟಿತನವೇ ಎಲ್ಲ. ಶೆಲ್ಫಿನ ನೌಕೆಗೆ ಆಕಾರ, ನಿಲುವು, ಹತ್ತಿರದಿಂದ ಕಾಣುವ ಕೆಲಸ ಮುಖ್ಯ. ಈ ಸಾಲು ಬರೆಯದೆ ಮುಂದೆ ಹೋದವರು ಎರಡೂ ಅಳತೆಗೋಲಿನಿಂದ ಹೊಡೆದು ಯಾವ ಸೆಟ್ಟನ್ನೂ ಪಾಸು ಮಾಡುವುದಿಲ್ಲ, ಇಲ್ಲವೇ ಎಲ್ಲವನ್ನೂ ಪಾಸು ಮಾಡುತ್ತಾರೆ.

ಡಬ್ಬಿ ಮೇಲಿನ ವಯಸ್ಸಿನ ಅಂಕಿ ಒಂದು ಸುಳಿವು. 18+ ಅಂತ ಇದ್ದರೆ ಒಳಗೆ ದೊಡ್ಡವರ ವಿಷಯವೇನೋ ಇದೆ ಅಂತಲ್ಲ. ಪ್ರದರ್ಶನಕ್ಕೆಂದು ಮಾಡಿದ್ದು, ಆಡಿದರೆ ಉದುರಬಹುದು ಅಂತ ಓದಿಕೊಳ್ಳಿ.

ಇಡೋದಕ್ಕೆ ಅಂತ ತೀರ್ಮಾನಿಸಿದರೆ ಜಾಗ ಈಗಲೇ ಅಳೆಯಿರಿ. ಸೆಟ್ಟಿನ ಉದ್ದ, ಅಗಲವನ್ನು ಕಂಪನಿಯ ಜಾಲತಾಣದಲ್ಲಿ ಹಾಕಿರುತ್ತಾರೆ. ಅಷ್ಟೇ ಅಳತೆಗೆ ಹಳೇ ಪೇಪರ್ ಕತ್ತರಿಸಿ ಶೆಲ್ಫಿನಲ್ಲಿ ಹಾಸಿ ನೋಡಿ. ನಮ್ಮ ಮನೆಗಳ ಶೋಕೇಸು ಸಾಧಾರಣವಾಗಿ ಒಂದಡಿ ಆಳ ಇರುತ್ತದೆ, ರೆಕ್ಕೆ ಚಾಚಿದ ನೌಕೆ ಅದರಲ್ಲಿ ಅಡ್ಡಡ್ಡ ಕೂರುವುದಿಲ್ಲ. ಓರೆಯಾಗಿ ತುರುಕಿದ ನೌಕೆಯನ್ನು ಆಮೇಲೆ ಯಾರೂ ಸರಿಯಾಗಿ ನೋಡುವುದಿಲ್ಲ.

## ಹಂತ 2: ಬೆಲೆಯ ಲೆಕ್ಕ

ಎಲ್ಲರೂ ಮಾಡುವ ಲೆಕ್ಕ ತುಂಡಿಗೆ ಎಷ್ಟು ಅನ್ನೋದು. ಮಾಡಿ, ಆದರೆ ಅಲ್ಲೇ ನಿಲ್ಲಬೇಡಿ.

ಅಮೆರಿಕದ ಬಿಡುಗಡೆ ಬೆಲೆಯಲ್ಲಿ ಹೋಲಿಸಿದರೆ ಚಿತ್ರ ಸ್ಪಷ್ಟ. 76021 ಸುಮಾರು 75 ಡಾಲರ್, ಅಂದರೆ ತುಂಡಿಗೆ 11 ಸೆಂಟ್ ದಾಟಿತ್ತು. 76193 ಸುಮಾರು 150 ಡಾಲರ್, ತುಂಡಿಗೆ 8 ಸೆಂಟಿನ ಆಸುಪಾಸು. 76255 ಸುಮಾರು 100 ಡಾಲರ್, 9 ಸೆಂಟ್. 76286 ಸುಮಾರು 180 ಡಾಲರ್, ಎಂಟೂವರೆ ಸೆಂಟಿಗಿಂತ ಕೊಂಚ ಜಾಸ್ತಿ. ಇದನ್ನು ನೋಡಿ ದೊಡ್ಡ ಸೆಟ್ಟೇ ಲಾಭ ಅಂತ ಕುಣಿಯಬೇಡಿ. ದೊಡ್ಡ ಸೆಟ್ಟಿನಲ್ಲಿ ಉಗುರಿನಷ್ಟು ಚಿಕ್ಕ ತುಂಡುಗಳು ರಾಶಿ ಇರುತ್ತವೆ. 1×1 ಅಳತೆಯ, ಅಂದರೆ ತೀರಾ ಚಿಕ್ಕ, ನೂರು ತುಂಡು ಸೇರಿದರೂ ಅಂಗೈ ತುಂಬುವುದಿಲ್ಲ, ಆದರೆ ಲೆಕ್ಕದಲ್ಲಿ ಅದೂ ನೂರೇ.

ಅದಕ್ಕೇ ತಕ್ಕಡಿ ಹೇಳಿದ್ದು. ಕಟ್ಟಿದ ನೌಕೆಯನ್ನು ತೂಗಿ ಗ್ರಾಮಿಗೆ ಎಷ್ಟು ಬಿತ್ತು ಅಂತ ಬರೆದಿಡಿ. ಒಂದೇ ಸೆಟ್ಟಿನಲ್ಲಿ ಈ ಅಂಕಿಗೆ ಅರ್ಥ ಇರಲ್ಲ. ಎರಡು ಮೂರು ಸೆಟ್ ಆದ ಮೇಲೆ ನಿಮ್ಮದೇ ಒಂದು ಅಂದಾಜು ಹುಟ್ಟುತ್ತದೆ, ಅದು ಡಬ್ಬಿ ಮೇಲಿನ ಯಾವ ಅಂಕಿಗಿಂತ ನಂಬಿಕಸ್ಥ.

ಭಾರತದಲ್ಲಿ ಕೊಳ್ಳುವವರು ಡಾಲರನ್ನು ರೂಪಾಯಿಗೆ ಗುಣಿಸಿ "ಮೋಸ" ಅನ್ನಬೇಡಿ. ಆಟಿಕೆಗಳ ಮೇಲಿನ ಮೂಲ ಆಮದು ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದರು. ಇಲ್ಲಿನ ಎಂಆರ್‌ಪಿ ಮೇಲೆ ಬಿದ್ದಿರುವ ಭಾರ ಅದು. ಸೆಟ್ಟಿನ ಗುಣ ಅಳೆಯುವಾಗ ಬಿಡುಗಡೆ ಬೆಲೆಯನ್ನೂ, ಕೊಳ್ಳಬೇಕೋ ಬೇಡವೋ ಅನ್ನುವಾಗ ನಿಮ್ಮ ಜೇಬಿನ ಬೆಲೆಯನ್ನೂ ಬೇರೆ ಬೇರೆ ಇಟ್ಟುಕೊಳ್ಳಿ. ಅಮೆರಿಕದಲ್ಲೋ ದುಬೈಯಲ್ಲೋ ಇರುವ ನೆಂಟರ ಕೈಲಿ ತರಿಸುವವರು ಡಬ್ಬಿಯ ಗಾತ್ರ ಮೊದಲು ನೋಡಿ. ಎರಡು ಸಾವಿರ ತುಂಡಿನ ಡಬ್ಬಿ ಸೂಟ್‌ಕೇಸಿನ ಒಳ್ಳೇ ಪಾಲು ತಿನ್ನುತ್ತದೆ, ಬೈಸಿಕೊಳ್ಳುವುದು ನೀವೇ.

## ಹಂತ 3: ಸೂಚನಾ ಪುಸ್ತಕವನ್ನು ಕೊಳ್ಳುವ ಮುಂಚೆಯೇ ಓದಿ

ಇದನ್ನು ಮಾಡುವವರು ತುಂಬಾ ಕಡಿಮೆ. ಲೆಗೊ ತನ್ನ ಸೆಟ್ಟುಗಳ ಸೂಚನಾ ಪುಸ್ತಕವನ್ನು ಪಿಡಿಎಫ್ ಆಗಿ ಉಚಿತವಾಗಿ ಜಾಲತಾಣದಲ್ಲಿ ಇಡುತ್ತದೆ. ಸೆಟ್ ಸಂಖ್ಯೆ ಹಾಕಿ ಹುಡುಕಿ, ಇಳಿಸಿಕೊಳ್ಳಿ. ಪೂರ್ತಿ ಓದಬೇಡಿ, ಕಟ್ಟುವ ಖುಷಿಯೇ ಹೋಗುತ್ತದೆ. ಮೂರೇ ಜಾಗ ನೋಡಿ.

ಒಂದು, ಕೊನೆಯ ಪುಟಗಳ ತುಂಡುಗಳ ಪಟ್ಟಿ. ಚಿಕ್ಕ ತುಂಡುಗಳು ಎಷ್ಟು, ದೊಡ್ಡ ಹೊದಿಕೆಯ ತುಂಡುಗಳು ಎಷ್ಟು ಅಂತ ಕಣ್ಣಳತೆಯಲ್ಲೇ ಗೊತ್ತಾಗುತ್ತದೆ. ಎರಡು, ರೆಕ್ಕೆ ದೇಹಕ್ಕೆ ಸೇರುವ ಪುಟ. ಎಷ್ಟು ಕಡೆ ಹಿಡಿದಿದೆ? ಒಂದೇ ಪಿನ್ನೋ (ತೂತಿಗೆ ಸಿಕ್ಕಿಸುವ ಪುಟ್ಟ ಗೂಟ), ಎರಡು ಮೂರೋ? ಮೂರು, ಸ್ಟಿಕ್ಕರ್ ಅಂಟಿಸಿ ಅಂತ ಬರುವ ಪುಟಗಳು. ಆ ಗುರುತು ಎಷ್ಟು ಸಲ ಬಂತು ಅಂತ ಎಣಿಸಿ.

ಅಂಗಡಿಯಲ್ಲಿ ನಿಂತು ಡಬ್ಬಿಯ ಚಿತ್ರ ನೋಡುವುದಕ್ಕಿಂತ ಈ ಹತ್ತು ನಿಮಿಷ ಜಾಸ್ತಿ ಹೇಳುತ್ತದೆ. ಡಬ್ಬಿಯ ಚಿತ್ರದಲ್ಲಿ ಹಿನ್ನೆಲೆ, ಬೆಂಕಿ, ಲೇಸರ್ ಎಲ್ಲ ಸೇರಿಸಿರುತ್ತಾರೆ, ನೌಕೆಯ ಹೊಟ್ಟೆ ಮಾತ್ರ ತೋರಿಸುವುದು ಕಡಿಮೆ.

## ಹಂತ 4: ಡಬ್ಬಿ ಬಿಚ್ಚುವ ಹೊತ್ತು

ಮೊದಲು ಅಸಲಿಯೋ ಅಂತ ನೋಡಿ. ಅಸಲಿ ತುಂಡಿನ ಮೇಲಿನ ಗುಂಡು ಉಬ್ಬಿನ ಮೇಲೆ ಲೆಗೊ ಅಂತ ಸಣ್ಣ ಅಕ್ಷರ ಇರುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಚೆನ್ನಾಗಿ ಕಾಣುತ್ತದೆ. ಭಾರತದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಚಿಕ್ಕ ಮಕ್ಕಳ ಸೆಟ್ಟಾದರೆ ಅದನ್ನೂ ಹುಡುಕಿ. ಅರ್ಧಕ್ಕಿಂತ ಕಡಿಮೆ ಬೆಲೆ, ಡಬ್ಬಿಯೇ ಇಲ್ಲದ ಕವರು, ಸಿನಿಮಾದ ಹೆಸರೇ ಇಲ್ಲದೆ "ಸ್ಪೇಸ್ ವಾರ್" ಅಂತ ಏನೋ ಒಂದು ಹೆಸರು: ಇವು ನಕಲಿಯ ಲಕ್ಷಣ. ನಕಲಿಯನ್ನು ಅಳೆಯಲು ಈ ಮಾರ್ಗದರ್ಶಿ ಉಪಯೋಗವಿಲ್ಲ, ಅದರಲ್ಲಿ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹಿಡಿತವೇ ಬೇರೆ.

ಪಾರದರ್ಶಕ ತುಂಡುಗಳನ್ನು, ಅಂದರೆ ಕಾಕ್‌ಪಿಟ್ಟಿನ (ಚಾಲಕ ಕೂರುವ ಜಾಗದ) ಗಾಜುಗಳನ್ನು, ಮೊದಲು ಹೊರತೆಗೆದು ಬೆಳಕಿಗೆ ಹಿಡಿಯಿರಿ. ಗೀರು ಇದ್ದರೆ ಈಗಲೇ ಫೋಟೊ ತೆಗೆದಿಡಿ. ಕಟ್ಟಿ ಆದ ಮೇಲೆ ಗೀರು ಡಬ್ಬಿಯಲ್ಲೇ ಇತ್ತೋ ನಿಮ್ಮ ಉಗುರಿನದ್ದೋ ಹೇಳಲಾಗುವುದಿಲ್ಲ. ಒಡೆದ ಅಥವಾ ಬಾರದ ತುಂಡಿಗೆ ಕಂಪನಿಯ ಗ್ರಾಹಕ ವಿಭಾಗಕ್ಕೆ ಬರೆದರೆ ಬದಲಿ ಕಳಿಸುವ ವ್ಯವಸ್ಥೆ ಇದೆ.

ಚೀಲಗಳಿಗೆ ಸಂಖ್ಯೆ ಇರುತ್ತದೆ. ಎಲ್ಲವನ್ನೂ ಒಟ್ಟಿಗೆ ಸುರಿಯಬೇಡಿ, ದಯವಿಟ್ಟು. ಒಂದು ಸಂಖ್ಯೆ ಮುಗಿಸಿ, ಉಳಿದ ಚೂರುಗಳನ್ನು ಒಂದು ತಟ್ಟೆಗೆ ಹಾಕಿ, ಆಮೇಲೆ ಮುಂದಿನದು. ತೀರಾ ಚಿಕ್ಕ ತುಂಡು ಒಂದೊಂದು ಹೆಚ್ಚಿಗೆ ಹಾಕಿರುತ್ತಾರೆ, ಅವು ಉಳಿದರೆ ಗಾಬರಿ ಬೇಡ. ದೊಡ್ಡ ತುಂಡು ಉಳಿದರೆ ಮಾತ್ರ ಎಲ್ಲೋ ತಪ್ಪಿದೆ.

## ಹಂತ 5: ಚೌಕಟ್ಟು ಮುಚ್ಚುವ ಮುಂಚೆ ನಿಲ್ಲಿ

ಇಡೀ ಕೆಲಸದಲ್ಲಿ ಇದಕ್ಕೇ ತೂಕ ಜಾಸ್ತಿ. ಮೊದಲ ಕೆಲವು ಚೀಲಗಳಲ್ಲಿ ನೌಕೆಯ ಬೆನ್ನೆಲುಬು ಕಟ್ಟುತ್ತೀರಿ. ಅದರ ಮೇಲೆ ಹೊದಿಕೆ ಬಿದ್ದರೆ ಮತ್ತೆ ಕಾಣುವುದಿಲ್ಲ. ಹೊದಿಕೆ ಶುರುವಾಗುವ ಪುಟ ಬಂದ ಕೂಡಲೇ ಕೈ ನಿಲ್ಲಿಸಿ.

ಬೆನ್ನೆಲುಬನ್ನು ಎರಡೂ ತುದಿಯಲ್ಲಿ ಹಿಡಿದು ಬಟ್ಟೆ ಹಿಂಡುವ ಹಾಗೆ, ಆದರೆ ತುಂಬಾ ಮೆಲ್ಲಗೆ, ತಿರುಚಿ. ಚೂರು ಬಾಗಿ ವಾಪಸ್ ಬಂದರೆ ಸರಿ. ಎಲ್ಲಾದರೂ ಸೀಳು ಬಿಟ್ಟುಕೊಂಡು ಹಾಗೇ ಉಳಿದರೆ ಆ ಜಾಗ ಬರೆದಿಟ್ಟುಕೊಳ್ಳಿ. ಆಮೇಲೆ ಮೇಜಿನ ಮೇಲೆ ಸಮತಟ್ಟಾಗಿ ಇಟ್ಟು ಒಂದು ಮೂಲೆ ಒತ್ತಿ. ಇನ್ನೊಂದು ಮೂಲೆ ಎದ್ದರೆ ಚೌಕಟ್ಟು ಸೊಟ್ಟ.

ಸೊಟ್ಟ ಅಂದ ಕೂಡಲೇ ಸೆಟ್ಟಿಗೆ ಬೈಯಬೇಡಿ. ಮೊದಲು ಪಿನ್ನುಗಳನ್ನು ನೋಡಿ. ಬಿಗಿ ಪಿನ್, ಸಡಿಲ ಪಿನ್ ಅಂತ ಎರಡು ಜಾತಿ ಇವೆ. ಎರಡು ಉಬ್ಬಿನಷ್ಟು ಉದ್ದದ ಪಿನ್ನುಗಳಲ್ಲಿ ಸಾಮಾನ್ಯವಾಗಿ ಕಪ್ಪು ಬಿಗಿಯದು, ಬೂದು ಸಡಿಲದ್ದು. ಮೂರು ಉಬ್ಬಿನಷ್ಟು ಉದ್ದದವುಗಳಲ್ಲಿ ನೀಲಿ ಬಿಗಿ, ತಿಳಿ ಕಂದು ಸಡಿಲ. ತಿರುಗಬೇಕಾದ ಜಾಗಕ್ಕೆ ಸಡಿಲ, ನಿಲ್ಲಬೇಕಾದ ಜಾಗಕ್ಕೆ ಬಿಗಿ. ಟ್ಯೂಬ್‌ಲೈಟಿನಲ್ಲಿ ಅವಸರಕ್ಕೆ ಒಂದರ ಬದಲು ಇನ್ನೊಂದು ಹಾಕಿದರೆ ನೌಕೆ ಪೂರ್ತಿ ಆಗುತ್ತದೆ, ಎಲ್ಲವೂ ಕೂರುತ್ತದೆ, ಆದರೆ ಯಾಕೋ ಲೊಡಲೊಡ ಅನ್ನುತ್ತದೆ. ಆಮೇಲೆ ಅದನ್ನು ಹುಡುಕುವುದು ದೊಡ್ಡ ತಲೆನೋವು. ಪಿನ್ ಪೂರ್ತಿ ಒಳಗೆ ಹೋಗಿದೆಯೋ ಅಂತಲೂ ಬೆರಳಾಡಿಸಿ ನೋಡಿ. ಕೂದಲೆಳೆಯಷ್ಟು ಹೊರಗಿದ್ದರೂ ಮೇಲಿನ ಪದರ ಸರಿಯಾಗಿ ಕೂರುವುದಿಲ್ಲ.

ಸೆಟ್ಟಿನ ನಿಜವಾದ ದೋಷ ಹೇಗಿರುತ್ತದೆ? ಸೂಚನೆ ಪ್ರಕಾರ ಎಲ್ಲ ಸರಿ ಇದ್ದೂ ರೆಕ್ಕೆಯ ಬುಡ ಎರಡೇ ಗುಂಡು ಉಬ್ಬುಗಳ ಹಿಡಿತದ ಮೇಲೆ ನಿಂತಿರುತ್ತದೆ. ಇಲ್ಲವೇ ಚೌಕಟ್ಟಿನ ಮುಂಭಾಗಕ್ಕೂ ಹಿಂಭಾಗಕ್ಕೂ ನಡುವೆ ಒಂದೇ ಪದರದ ತೆಳು ತಟ್ಟೆ (ಚಪ್ಪಟೆ ಲೆಗೊ ತುಂಡು) ಇರುತ್ತದೆ. ಇಲ್ಲವೇ ಮುಂದಿನ ತುಂಡು ಕೂರಿಸಲು ಒತ್ತಬೇಕಾದ ಜಾಗದ ಕೆಳಗೆ ಆಧಾರವೇ ಇರುವುದಿಲ್ಲ, ನೀವು ಒತ್ತುತ್ತೀರಿ, ಕೆಳಗಿನದು ಕಳಚುತ್ತದೆ, ಮತ್ತೆ ಸೇರಿಸುತ್ತೀರಿ, ಮತ್ತೆ ಕಳಚುತ್ತದೆ. ಎರಡು ಸಲಕ್ಕಿಂತ ಜಾಸ್ತಿ ಹೀಗಾದ ಹಂತದ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕಟ್ಟಿ ಮುಗಿಸಿದ ಸಂತೋಷದಲ್ಲಿ ಈ ಸಿಟ್ಟು ಮರೆತುಹೋಗುತ್ತದೆ, ಬರೆದದ್ದು ಮರೆಯುವುದಿಲ್ಲ.

ಇನ್ನೊಂದು ಎಚ್ಚರಿಕೆ. ತುಂಡು ಕೂರಿಸಲು ಹೆಬ್ಬೆರಳು ನೋಯುವಷ್ಟು ಬಲ ಬೇಕಾದರೆ ನಿಲ್ಲಿಸಿ. ಲೆಗೊ ಅಳತೆ ಬಿಗಿಯಾದ ಲೆಕ್ಕದ್ದು. ಉಬ್ಬಿಂದ ಉಬ್ಬಿಗೆ 8 ಮಿಲಿಮೀಟರ್, ಇಟ್ಟಿಗೆ ಅನ್ನುವ ದಪ್ಪ ತುಂಡಿನ ಎತ್ತರ 9.6 ಮಿಲಿಮೀಟರ್, ಮೂರು ತೆಳು ತಟ್ಟೆ ಸೇರಿದರೆ ಒಂದು ಇಟ್ಟಿಗೆ. ಸರಿಯಾದ ಜಾಗದಲ್ಲಿ ತುಂಡು ಟಕ್ ಅಂತ ಕೂರುತ್ತದೆ. ಕೂರದಿದ್ದರೆ ನೂರಕ್ಕೆ ನೂರು ಅನ್ನುವಷ್ಟು ಮಟ್ಟಿಗೆ ಒಂದು ಸಾಲು ಆಚೀಚೆ ಆಗಿದೆ ಅಂತಲೇ ಅರ್ಥ. ನಾಲ್ಕು ಪುಟ ಹಿಂದೆ ಹೋಗಿ.

ಚೌಕಟ್ಟಿನ ಫೋಟೊ ಮೇಲಿನಿಂದ, ಪಕ್ಕದಿಂದ ತೆಗೆದು ಮುಂದೆ ಹೋಗಿ.

## ಹಂತ 6: ಸ್ಟಿಕ್ಕರ್, ಅಚ್ಚು, ಬಣ್ಣ

ಹಗಲು ಬೆಳಕಿನಲ್ಲೇ ಮಾಡಿ. ಸ್ಟಿಕ್ಕರಿನ ಹಿನ್ನೆಲೆ ಬಣ್ಣ ಅದು ಅಂಟುವ ತುಂಡಿನ ಬಣ್ಣಕ್ಕೆ ಹೊಂದುತ್ತದೆಯೋ ಅಂತ ಅಂಟಿಸುವ ಮುಂಚೆ ಪಕ್ಕದಲ್ಲಿ ಹಿಡಿದು ನೋಡಿ. ಹೊಂದದ ಸ್ಟಿಕ್ಕರ್ ದೂರದಿಂದಲೇ ತೇಪೆ ಹಾಕಿದಂತೆ ಕಾಣುತ್ತದೆ. ಅಂಟಿಸೋದೋ ಬೇಡವೋ ಅಂತ ತೀರ್ಮಾನಿಸಲು ಇದೊಂದೇ ಅವಕಾಶ.

ಒಂದೇ ಬಣ್ಣದ ತುಂಡುಗಳನ್ನೂ ಹೀಗೇ ಪಕ್ಕಪಕ್ಕ ಇಟ್ಟು ನೋಡಿ. ನೌಕೆಯಲ್ಲಿ ದೊಡ್ಡ ಬಯಲಿನಂಥ ಹೊದಿಕೆ ಇರುವುದರಿಂದ ಚೂರು ವ್ಯತ್ಯಾಸವೂ ಎದ್ದು ಕಾಣುತ್ತದೆ.

ಅಂಟಿಸುವಾಗ ಬೆರಳು ಬೇಡ, ಚಿಮಟ ಸಾಕು. ಸೆಪರೇಟರಿನ ಚಪ್ಪಟೆ ತುದಿಗೆ ಸ್ಟಿಕ್ಕರಿನ ಒಂದಂಚು ತಾಗಿಸಿ ಹಿಡಿದರೂ ಕೆಲಸ ಆಗುತ್ತದೆ. ಎರಡು ತುಂಡುಗಳ ಮೇಲೆ ಹರಡಿ ಅಂಟಿಸಬೇಕಾದ ಸ್ಟಿಕ್ಕರ್, ಬಾಗಿದ ತುಂಡಿನ ಮೇಲಿನ ಸ್ಟಿಕ್ಕರ್ ಎಷ್ಟಿವೆ ಅಂತ ಬೇರೆಯಾಗಿ ಎಣಿಸಿ. ಮೊದಲು ಏಳೋದು ಅವೇ. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲ ಕಂಡ ಮನೆಯವರಿಗೆ ಅಂಟಿನ ಕಥೆ ಬಿಡಿಸಿ ಹೇಳಬೇಕಿಲ್ಲ. ದುಬಾರಿ ಸೆಟ್ಟಿನಲ್ಲಿ ಕಣ್ಣಿಗೆ ಮೊದಲು ಬೀಳುವ ಜಾಗಗಳಿಗೂ ಸ್ಟಿಕ್ಕರನ್ನೇ ಕೊಟ್ಟಿದ್ದರೆ ನಾನು ಮುಲಾಜಿಲ್ಲದೆ ಅಂಕ ಕಳೆಯುತ್ತೇನೆ. ಚಿಕ್ಕ ಸೆಟ್ಟಿನಲ್ಲಿ ಬಿಟ್ಟುಬಿಡಬಹುದು.

## ಹಂತ 7: ಎತ್ತಿ, ಓರೆ ಮಾಡಿ, ಅಲುಗಾಡಿಸಿ

ನೌಕೆ ಮುಗಿಯಿತು. ಈಗ ಬೆಡ್‌ಶೀಟ್ ಹಾಸಿ. ಗೊಂಬೆಗಳನ್ನು ಇನ್ನೂ ಕೂರಿಸಬೇಡಿ.

ಪರೀಕ್ಷೆಗಳ ಕ್ರಮ ಮುಖ್ಯ, ಯಾಕೆಂದರೆ ಒಂದೊಂದೂ ಹಿಂದಿನದಕ್ಕಿಂತ ಜೋರು. ಮೊದಲು ಒಂದು ಕೈಯನ್ನು ಹೊಟ್ಟೆಯ ಕೆಳಗೆ ಹಾಕಿ ಎತ್ತಿ, ಹಾಗೇ ಸ್ವಲ್ಪ ಹೊತ್ತು ಹಿಡಿಯಿರಿ. ತೂಕ ಎಲ್ಲಿ ಕೂತಿದೆ ಅಂತ ಅಂಗೈಗೆ ಗೊತ್ತಾಗುತ್ತದೆ. ಮೂತಿ ಮುಂದಕ್ಕೆ ಬಾಗಿದರೆ ಸ್ಟ್ಯಾಂಡಿನ ಮೇಲೂ ಬಾಗಬಹುದು. ಆಮೇಲೆ ಮುಂದಕ್ಕೆ, ಹಿಂದಕ್ಕೆ, ಎರಡೂ ಪಕ್ಕಕ್ಕೆ ಅರ್ಧದಷ್ಟು ಓರೆ ಮಾಡಿ. ಆಮೇಲೆ ತಲೆಕೆಳಗು. ಕೊನೆಗೆ, ಆಡುವ ಸೆಟ್ಟಾದರೆ ಮಾತ್ರ, ಮಗು ಹಾರಿಸುವ ಹಾಗೆ ಝುಂಯ್ ಅಂತ ಗಾಳಿಯಲ್ಲಿ ಎರಡು ಸುತ್ತು. ಉದುರಿದ ಪ್ರತಿ ತುಂಡೂ ಎಲ್ಲಿಂದ ಬಂತು ಅಂತ ನೋಡಿ. ಒಂದೇ ಜಾಗದಿಂದ ಎರಡನೇ ಸಲ ಉದುರಿದರೆ ಅದು ವಿನ್ಯಾಸದ ತಪ್ಪು, ಅಕಸ್ಮಾತ್ ಅಲ್ಲ.

ಇನ್ನು ರೆಕ್ಕೆ. ನೌಕೆ ಅಂದರೆ ಅರ್ಧ ರೆಕ್ಕೆಯೇ. ಕೀಲು ಯಾವ ಜಾತಿಯದು ಅಂತ ತಿಳಿಯಿರಿ. ಟಕ ಟಕ ಅಂತ ಹಲ್ಲುಹಲ್ಲಾಗಿ ತಿರುಗುವ ಕೀಲು ಭಾರ ಹೊರುತ್ತದೆ, ಆದರೆ ಹಲ್ಲಿಗೂ ಹಲ್ಲಿಗೂ ನಡುವಿನ ಕೋನ ಸಿಗುವುದಿಲ್ಲ. ಗುಂಡು ಕೀಲು ಯಾವ ಕೋನಕ್ಕೂ ನಿಲ್ಲುತ್ತದೆ, ಆದರೆ ಭಾರ ಹೊತ್ತು ಹೊತ್ತು ಜಾರುತ್ತದೆ. ಉದ್ದ ರೆಕ್ಕೆಯ ಇಡೀ ಭಾರ ಒಂದು ಗುಂಡು ಕೀಲಿನ ಮೇಲಿದ್ದರೆ ನನಗೆ ನಂಬಿಕೆ ಇಲ್ಲ.

ರೆಕ್ಕೆ ಅಲುಗುವಂತಿದ್ದರೆ ಇಪ್ಪತ್ತು ಸಲ ಮೇಲೆ ಕೆಳಗೆ ಮಾಡಿ. ಮೊದಲ ಸಲದ ಬಿಗಿತ, ಇಪ್ಪತ್ತನೇ ಸಲದ ಬಿಗಿತ ಒಂದೇ ಇದೆಯೇ? ಆಮೇಲೆ ನೌಕೆಯನ್ನು ಅದರ ಜಾಗದಲ್ಲಿಟ್ಟು ಎರಡೂ ರೆಕ್ಕೆಗಳ ತುದಿ ಮೇಜಿನಿಂದ ಎಷ್ಟು ಎತ್ತರ ಇದೆ ಅಂತ ಮಿಲಿಮೀಟರಿನಲ್ಲಿ ಅಳೆದು, ತಾರೀಖು ಹಾಕಿ ಬರೆಯಿರಿ. ಈ ಎರಡು ಅಂಕಿ ಕೊನೆಯ ಹಂತಕ್ಕೆ ಬೇಕು.

76193ರ ಥರ ಸ್ಟ್ಯಾಂಡ್ ಜೊತೆಗೆ ಬಂದಿದ್ದರೆ ಅದನ್ನೂ ಸುಮ್ನೆ ಬಿಡಬೇಡಿ. ನೌಕೆ ಕೂರಿಸಿ ಮೇಜನ್ನು ಮೊಣಕೈಯಿಂದ ಮೆಲ್ಲಗೆ ತಟ್ಟಿ. ತೂಗಾಡಿ ನಿಂತರೆ ಸರಿ, ತಿರುಗಿ ಕೂತರೆ ತಪ್ಪು. ಮನೆಯಲ್ಲಿ ಬೆಕ್ಕಿದ್ದರೆ ಈ ಪರೀಕ್ಷೆಗೆ ಎರಡು ಪಟ್ಟು ಬೆಲೆ.

## ಹಂತ 8: ಆಕಾರಕ್ಕೆ ನೆರಳಿನ ಪರೀಕ್ಷೆ

ಬಣ್ಣ, ಸ್ಟಿಕ್ಕರ್, ಗಾಜು ಎಲ್ಲ ಸೇರಿ ಕಣ್ಣಿಗೆ ಮಂಕುಬೂದಿ ಎರಚುತ್ತವೆ. ಆಕಾರ ಮಾತ್ರ ನೋಡಬೇಕಾದರೆ ರಾತ್ರಿ ದೀಪ ಆರಿಸಿ, ನೌಕೆಯ ಹಿಂದೆ ಟಾರ್ಚ್ ಇಟ್ಟು, ಗೋಡೆ ಮೇಲಿನ ನೆರಳು ನೋಡಿ. ಟಾರ್ಚ್ ತೀರಾ ಹತ್ತಿರ ಇದ್ದರೆ ನೆರಳು ಹಿಗ್ಗುತ್ತದೆ, ಸ್ವಲ್ಪ ದೂರ ಇಡಿ. ಎದುರಿನಿಂದ, ಮೇಲಿನಿಂದ, ಪಕ್ಕದಿಂದ ಮೂರು ನೆರಳು. ಸಿನಿಮಾದಿಂದ ಅದೇ ಮೂರು ಕೋನದ ಚಿತ್ರ ಫೋನಿನಲ್ಲಿ ತೆಗೆದಿಟ್ಟುಕೊಂಡು ಹೋಲಿಸಿ. ನೆರಳು ನೋಡಿದ ಕೂಡಲೇ ಸಿನಿಮಾ ನೋಡಿದ ಮನೆಯವರು ನೌಕೆಯ ಗುರುತು ಹಿಡಿದರೆ ಆಕಾರ ಗೆದ್ದಿದೆ.

ಇಲ್ಲಿ ಒಂದು ವಿನಾಯಿತಿ ಕೊಡಬೇಕು. ಗೊಂಬೆಯ ಅಳತೆಗೆ ನಿಜವಾಗಿ ಹೊಂದಿಸಿದರೆ ನೌಕೆ ಊಟದ ಮೇಜನ್ನೇ ತುಂಬಿಬಿಡಬಹುದು. ಹಾಗಾಗಿ ಕಾಕ್‌ಪಿಟ್ಟನ್ನು ದೊಡ್ಡದು ಮಾಡಿ ಉಳಿದದ್ದನ್ನು ಕುಗ್ಗಿಸುತ್ತಾರೆ. ಕಾಕ್‌ಪಿಟ್ ಚೂರು ಉಬ್ಬಿದಂತಿದ್ದರೆ ಕ್ಷಮಿಸಿ. ರೆಕ್ಕೆಯ ಬಾಗು ತಪ್ಪಿದರೆ ಕ್ಷಮಿಸಬೇಡಿ, ಅದರಿಂದಲೇ ನೌಕೆಯ ಗುರುತು.

ಯಾವಾಗ ಬಂದ ಸೆಟ್ ಅನ್ನೋದೂ ಲೆಕ್ಕಕ್ಕೆ ಬರಬೇಕು. ಸಿನಿಮಾ ಜೊತೆಗೇ ಬರುವ ಸೆಟ್ಟುಗಳನ್ನು ಸಿನಿಮಾ ಪೂರ್ತಿಯಾಗುವ ಮುಂಚೆ, ಕೈಗೆ ಸಿಕ್ಕ ಮೊದಲ ಚಿತ್ರಗಳನ್ನು ನೋಡಿ ವಿನ್ಯಾಸ ಮಾಡಿರುತ್ತಾರೆ. 2014ರ 76021, 2017ರ 76081, 2023ರ 76255 ಈ ಗುಂಪು. ಅಲ್ಲಿ ಒಂದಿಷ್ಟು ವ್ಯತ್ಯಾಸ ಸಹಜ. ಆದರೆ 76193 ಬಂದದ್ದು 'ಇನ್ಫಿನಿಟಿ ವಾರ್' ಆಗಿ ಮೂರು ವರ್ಷದ ಮೇಲೆ. 76286 ಬಂದದ್ದು ಮೊದಲ ಸಿನಿಮಾ ಆಗಿ ಹತ್ತು ವರ್ಷಕ್ಕೆ. ಎಲ್ಲ ಕೋನದ ಚಿತ್ರ ಕೈಯಲ್ಲಿಟ್ಟುಕೊಂಡು ಮಾಡಿದ ನೌಕೆಗೆ ಆ ನೆಪ ಇಲ್ಲ, ಬಿಗಿಯಾಗಿ ಅಳೆಯಿರಿ.

ಹೊಟ್ಟೆಯನ್ನೂ ಮರೆಯಬೇಡಿ. ತಿರುಗಿಸಿ ನೋಡಿದರೆ ಚೌಕಟ್ಟಿನ ಕೆಂಪು, ಹಳದಿ, ತಿಳಿ ಕಂದು ಎಲ್ಲ ಇಣುಕುತ್ತಿದೆಯೇ? ಕೆಳಗಿನ ಶೆಲ್ಫಿನಲ್ಲಿ ಇಡುವವರಿಗೆ ಚಿಂತೆ ಇಲ್ಲ, ಕಣ್ಣಿನ ಮಟ್ಟಕ್ಕಿಂತ ಮೇಲೆ ಇಡುವವರಿಗೆ ದಿನವೂ ಕಾಣೋದು ಅದೇ.

## ಹಂತ 9: ಗೊಂಬೆಗಳು ಕೊನೆಗೆ

ಬೇಕೆಂದೇ ಕೊನೆಗಿಟ್ಟಿದ್ದೇನೆ. ಮೊದಲೇ ಗೊಂಬೆ ಕೈಗೆ ಬಂದರೆ ನೌಕೆಯ ತಪ್ಪು ಯಾರ ಕಣ್ಣಿಗೂ ಬೀಳಲ್ಲ.

ಎಷ್ಟು ಗೊಂಬೆ ಅಂತ ಎಣಿಸುವುದಕ್ಕಿಂತ ಯಾರು ಇದ್ದಾರೆ, ಯಾರು ಇಲ್ಲ ಅಂತ ನೋಡಿ. 76021ರಲ್ಲಿ ಐದು ಗೊಂಬೆ ಇದ್ದವು, ಆದರೆ ರಾಕೆಟ್ ಮತ್ತು ಗ್ರೂಟ್ ಇರಲಿಲ್ಲ, ಅವರನ್ನು ಬೇರೆ ಸೆಟ್ಟಿಗೆ ಹಾಕಿದ್ದರು. ಅಂದರೆ ತಂಡ ಪೂರ್ತಿ ಬೇಕಾದರೆ ಇನ್ನೊಂದು ಡಬ್ಬಿ. 76193ರಲ್ಲಿ ಸ್ಟಾರ್‌ಲಾರ್ಡ್, ರಾಕೆಟ್, ಗ್ರೂಟ್, ಮ್ಯಾಂಟಿಸ್, ಥಾರ್, ಜೊತೆಗೆ ಶತ್ರು ಪಡೆಯ ಒಬ್ಬ ಚಿಟೌರಿ ಸೈನಿಕ. ಥಾರ್ ಸರಿ, ಸಿನಿಮಾದಲ್ಲಿ ಅವನನ್ನು ಎತ್ತಿಕೊಳ್ಳೋದು ಇದೇ ನೌಕೆ. ಆದರೆ ಆಗ ನೌಕೆಯಲ್ಲೇ ಇದ್ದ ಗಮೋರಾ, ಡ್ರ್ಯಾಕ್ಸ್ ಇಬ್ಬರೂ ಡಬ್ಬಿಯಲ್ಲಿಲ್ಲ. ಆ ಸೈನಿಕನ ಬದಲು ಡ್ರ್ಯಾಕ್ಸ್‌ನನ್ನು ಹಾಕಿದ್ದರೆ ಯಾರ ಗಂಟು ಹೋಗುತ್ತಿತ್ತೋ! 76286ರಲ್ಲಿ ಸ್ಟಾರ್‌ಲಾರ್ಡ್, ಗಮೋರಾ, ಡ್ರ್ಯಾಕ್ಸ್, ರಾಕೆಟ್, ಗ್ರೂಟ್ ಐವರೂ ಇದ್ದಾರೆ. ಮೊದಲ ಸಿನಿಮಾದ ತಂಡ ಅಷ್ಟೇ, ಪೂರ್ತಿ.

ಈಗ ಅವರನ್ನು ಒಳಗೆ ಕೂರಿಸಿ. ಕಾಕ್‌ಪಿಟ್ ತೆರೆದು, ಕೂರಿಸಿ, ಮುಚ್ಚಿ. ಕೂದಲೋ ಹೆಗಲ ಕವಚವೋ ಗಾಜಿಗೆ ತಾಗುತ್ತದೆಯೇ? ಎಷ್ಟು ಜನಕ್ಕೆ ಸೀಟು ಇದೆ, ಎಷ್ಟು ಜನ ಹೊರಗೆ ನಿಲ್ಲಬೇಕು? ಕೂರಿಸಲು ಹೊದಿಕೆಯ ಎಷ್ಟು ತುಂಡು ತೆಗೆಯಬೇಕು? ಮುಚ್ಚಳ ತೆರೆದ ಪ್ರತಿ ಸಲವೂ ಪಕ್ಕದ ತುಂಡು ಕಿತ್ತು ಬಂದರೆ ಮಗು ಎರಡನೇ ದಿನ ಬಿಟ್ಟುಬಿಡುತ್ತದೆ.

## ಹಂತ 10: ಒಂದು ತಿಂಗಳು ಕಾದು ಅಂಕ ಹಾಕಿ

ಕಟ್ಟಿದ ದಿನ ಅಂಕ ಹಾಕಬೇಡಿ. ಒಂದು ತಿಂಗಳು ಬಿಟ್ಟು ರೆಕ್ಕೆ ತುದಿಗಳ ಎತ್ತರ ಮತ್ತೆ ಅಳೆಯಿರಿ. ಒಂದೆರಡು ಮಿಲಿಮೀಟರ್ ಇಳಿದಿದ್ದರೆ ಚಿಂತೆ ಇಲ್ಲ. ಒಂದು ಪಕ್ಕ ಮಾತ್ರ ಇಳಿದಿದ್ದರೆ ಆ ಪಕ್ಕದ ಪಿನ್ ಪರೀಕ್ಷಿಸಿ, ತಪ್ಪು ನಿಮ್ಮದಿರಬಹುದು. ಎರಡೂ ಪಕ್ಕ ಸಮವಾಗಿ, ಕಣ್ಣಿಗೆ ಕಾಣುವಷ್ಟು ಇಳಿದಿದ್ದರೆ ಸೆಟ್ಟಿನದ್ದೇ ತಪ್ಪು.

ಸ್ಟಿಕ್ಕರಿನ ಅಂಚು, ಗಾಜಿನ ಮೇಲಿನ ಬೆರಳಚ್ಚು, ಧೂಳು ಕೂರುವ ಜಾಗ ನೋಡಿ. ಮೆತ್ತನೆ ಮೇಕಪ್ ಬ್ರಶ್ಶಿನಿಂದ ಒಮ್ಮೆ ಧೂಳು ತೆಗೆದು ನೋಡಿ. ಬ್ರಶ್ ತಾಗಿ ಉದುರುವ ಅಲಂಕಾರ ಎಷ್ಟಿದೆಯೋ ಅಷ್ಟು ಸಲ ನೀವು ವರ್ಷವಿಡೀ ಬಗ್ಗಿ ಹೆಕ್ಕಬೇಕು. ನೌಕೆಯನ್ನು ನೇರ ಬಿಸಿಲು ಬೀಳುವ ಕಿಟಕಿ ಬಳಿ ಇಡಬೇಡಿ. ಈ ಪ್ಲಾಸ್ಟಿಕ್ಕಿಗೆ ಬಿಸಿಲು ಆಗದು, ತಿಳಿ ಬಣ್ಣಗಳು ಹಳದಿಗೆ ತಿರುಗುತ್ತವೆ.

ಅಂಕಕ್ಕೆ ಮೊದಲ ಸಾಲಿಗೆ ವಾಪಸ್ ಹೋಗಿ: ಆಡೋಕೋ, ಇಡೋಕೋ. ಆಡೋಕಾದರೆ ನೂರರಲ್ಲಿ ಅರ್ಧವನ್ನು 5 ಮತ್ತು 7ನೇ ಹಂತಕ್ಕೆ ಕೊಡಿ, ಗೊಂಬೆಗೆ ಕಾಲು ಭಾಗ, ಉಳಿದದ್ದು ಮಿಕ್ಕಿದ್ದಕ್ಕೆ. ಇಡೋಕಾದರೆ ಆಕಾರಕ್ಕೆ ಜಾಸ್ತಿ ಪಾಲು, ಆಮೇಲೆ ಸ್ಟಿಕ್ಕರ್–ಬಣ್ಣ, ಆಮೇಲೆ ರೆಕ್ಕೆಯ ನಿಲುವು. ಬೆಲೆಗೆ ಅಂಕ ಕೊಡಬೇಡಿ, ಬೇರೆ ಸಾಲಿನಲ್ಲಿ ಬರೆಯಿರಿ. ರಿಯಾಯಿತಿ ಬಂದ ದಿನ ಆ ಸಾಲು ಮಾತ್ರ ಬದಲಾಗುತ್ತದೆ, ಉಳಿದದ್ದಲ್ಲ.

## ಹಳೇ ಸೆಟ್ ಕೊಳ್ಳುವವರಿಗೆ

ಒಂದು ಸೆಟ್ ಅಂಗಡಿಯಲ್ಲಿ ಸಾಮಾನ್ಯವಾಗಿ ಎರಡು ಮೂರು ವರ್ಷ ಇರುತ್ತದೆ, ಆಮೇಲೆ ಕಂಪನಿ ನಿಲ್ಲಿಸುತ್ತದೆ. ಹಳೆಯದು ಬೇಕೆಂದರೆ ಇನ್ನೊಬ್ಬರು ಬಳಸಿದ್ದನ್ನೇ ಕೊಳ್ಳಬೇಕು, ಆಗ ಹಂತಗಳು ತಿರುಗಾಮುರುಗಾ. ಮೊದಲು ಗೊಂಬೆಗಳನ್ನು ನೋಡಿ, ಕಳೆದುಹೋಗುವುದು ಅವೇ, ಬಿಡಿಯಾಗಿ ದುಬಾರಿಯಾಗುವುದೂ ಅವೇ. ಎದೆಯ ಪಕ್ಕದಲ್ಲಿ ಕಂಕುಳ ಕೆಳಗೆ ಬಿರುಕು ಇದೆಯೋ ಅಂತ ಹತ್ತಿರದ ಫೋಟೊ ಕೇಳಿ. ಆಮೇಲೆ ಗಾಜು. ಆಮೇಲೆ ಸ್ಟಿಕ್ಕರ್.

ಕಟ್ಟಿದ ಸ್ಥಿತಿಯಲ್ಲೇ ಮಾರುವವರಿಗೆ ಹೊಟ್ಟೆಯ ಫೋಟೊ ಕಳಿಸಲು ಹೇಳಿ. ಬಿಡಿಯಾಗಿ ಚೀಲದಲ್ಲಿ ಕೊಡುವವರಾದರೆ ತೂಕ ಕೇಳಿ, ಅದೇ ಸೆಟ್ ಇರುವ ಪರಿಚಯದವರ ನೌಕೆಯ ತೂಕಕ್ಕೆ ಹೋಲಿಸಿ. ಐವತ್ತು ಗ್ರಾಂ ಕಡಿಮೆ ಬಂದರೆ ಅದರಲ್ಲಿ ಎಷ್ಟು ತುಂಡು ಹೋಗಿರಬಹುದು ಅಂತ ನಿಮ್ಮಲ್ಲೇ ಇರುವ ತುಂಡುಗಳನ್ನು ತಕ್ಕಡಿಗೆ ಹಾಕಿ ನೋಡಿ, ಆಮೇಲೆ ಬೆಲೆ ಮಾತಾಡಿ.